ನಾಲ್ಕು ಗಂಟೆಗೆ ತೆರೆಯುವ ಪೆಟ್ಟಿಗೆ

ಆ ಬೆಳಿಗ್ಗೆಯೂ ಐದೂವರೆಗೇ ಎದ್ದೆ. ಶಿಲುಬೆಯ ಮುಂದಿನ ಸಣ್ಣ ಬಲ್ಬು ಹಾಕಿ, ದೋಸೆ ಹಿಟ್ಟಿನ ಮುಚ್ಚಳ ತೆಗೆದು ನೋಡಿದೆ. ಸೆಕೆಗೆ ಹಿಟ್ಟು ಉಕ್ಕಿ ಪಾತ್ರೆಯ ಹೊರಮೈಗೆ ಇಳಿದಿತ್ತು. ನಮ್ಮವರು ಬಾವಿಯಿಂದ ನೀರು ಸೇದಿ ಬಸಳೆಯ ಬುಡಕ್ಕೆ ಎರಡು ಕೊಡ ಹೊಯ್ದರು. ಕೆಲಸದಿಂದ ನಿವೃತ್ತಿಯಾಗಿ ವರ್ಷವಾದರೂ ಆರೂವರೆಗೆ ಸ್ನಾನ, ಏಳಕ್ಕೆ ಕಿಟಕಿ ಪಕ್ಕದ ಮೇಜಿನಲ್ಲಿ ತಿಂಡಿ ಎನ್ನುವ ಕ್ರಮವನ್ನು ಅವರು ಬಿಟ್ಟಿಲ್ಲ. ಮೀನಿನವನ ಹಾರ್ನು ಕೇಳಿ ಗೇಟಿಗೆ ಹೋದೆ. ಬೂತಾಯಿಯ ಕಣ್ಣು ಕೆಂಪಾಗಿತ್ತು, ಬೇಡವೆಂದು ಬಂದೆ. ಹನ್ನೊಂದರ ಹೊತ್ತಿಗೆ ಪೋಸ್ಟ್‌ಮ್ಯಾನ್ ಒಂದು ಇನ್‌ಲ್ಯಾಂಡ್ ಪತ್ರ ಕೊಟ್ಟು ಹೋದ.

ವಿಳಾಸದ ಅಕ್ಷರ ನೋಡಿ ನನಗೆ ಮೊದಲು ಸಂತೋಷವೇ ಆಯಿತು. ಉದ್ದುದ್ದ ಇಂಗ್ಲಿಷ್ ಅಕ್ಷರಗಳು, ಊರಿನ ಹೆಸರಿನ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ. "ನೋಡಿ, ನಿಮ್ಮ ಮ್ಯಾನೇಜರ್ ಸರ್ ಬರೆದಿದ್ದಾರೆ" ಎಂದು ನಮ್ಮವರನ್ನು ಕರೆದೆ. ಒಡೆದರೆ ಒಳಗೂ ಅವರದೇ ಅಕ್ಷರ, ಇಂಗ್ಲಿಷಿನಲ್ಲಿ ಎರಡೇ ವಾಕ್ಯ. ತಾನು ಇಂಥ ತಾರೀಕು ಇಷ್ಟು ಗಂಟೆಗೆ ತೀರಿಕೊಂಡಿರುವುದಾಗಿಯೂ, ದೂರದಿಂದ ಬರುವ ತೊಂದರೆ ಯಾರೂ ತೆಗೆದುಕೊಳ್ಳಬಾರದೆಂದೂ ಅವರೇ ಬರೆದಿಟ್ಟಿದ್ದರು. ತಾರೀಕಿಗೂ ಗಂಟೆಗೂ ಬಿಟ್ಟಿದ್ದ ಖಾಲಿ ಜಾಗವನ್ನು ಬೇರೆ ಯಾರೋ, ಮಗಳೇ ಇರಬೇಕು, ನೀಲಿ ಪೆನ್ನಿನಲ್ಲಿ ತುಂಬಿಸಿದ್ದರು.

ನಮ್ಮವರು ಎರಡು ಸಲ ಓದಿದರು. "ಗಂಟೆ ಸಮೇತ ಹಾಕಿಸಿದ್ದಾರೆ" ಎಂದರು. ನಗಬೇಕೆಂದು ಮಾಡಿದರೋ ಏನೋ, ನಗು ಬರಲಿಲ್ಲ. ಪತ್ರವನ್ನು ಮಡಚಿದ ಗೆರೆಯಲ್ಲೇ ಮತ್ತೆ ಮಡಚಿ ನನ್ನ ಕೈಗೆ ಕೊಟ್ಟು, ಬೆಳಿಗ್ಗೆ ನೀರು ಹೊಯ್ದಿದ್ದ ಬಸಳೆಗೇ ಇನ್ನೊಂದು ಕೊಡ ಹೊಯ್ಯಲು ಹೋದರು.

ಮ್ಯಾನೇಜರ್ ಸರ್ ಕೊಲ್ಲಂ ಕಡೆಯವರು. ಇಲ್ಲಿ ಕುಂಬಳೆ ಹತ್ತಿರದ ಅನಂತಪುರದ ಗುಡ್ಡೆಯ ಮೇಲಿದ್ದ ಗೇರುಬೀಜದ ಕಾರ್ಖಾನೆಗೆ ಮ್ಯಾನೇಜರಾಗಿ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ನಮ್ಮವರು ಅಲ್ಲಿ ಗೋಡೌನಿನ ಸೂಪರ್‌ವೈಸರ್. ಸರ್ ಕುಟುಂಬವನ್ನು ಊರಲ್ಲೇ ಬಿಟ್ಟು, ಕುಂಬಳೆ ಪೇಟೆಯ ಅಂಗಡಿಯೊಂದರ ಮಾಳಿಗೆಯಲ್ಲಿ ಕೋಣೆ ಹಿಡಿದು, ತಾವೇ ಗಂಜಿ ಬೇಯಿಸಿ ಉಣ್ಣುತ್ತಿದ್ದರು. ತೆಳ್ಳಗಿನ ಆಳು. ಮೇ ತಿಂಗಳ ಸೆಕೆಯಲ್ಲೂ ಅಂಗಿಯ ತೋಳಿನ ಬಟನು, ನಮ್ಮ ಮಾತಿನಲ್ಲಿ ಗುಬ್ಬಿ, ಬಿಚ್ಚುತ್ತಿರಲಿಲ್ಲ. ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು, ಅದನ್ನು ನೋಡುವಾಗಲೆಲ್ಲ ಕೈಯನ್ನು ಭಿಕ್ಷೆಗೆ ಒಡ್ಡಿದ ಹಾಗೆ ಕಾಣುತ್ತಿತ್ತು.

ಅವರು ಬರುವ ಮೊದಲು ಆ ಕಾರ್ಖಾನೆಯಲ್ಲಿ ಮಾತೆಂದರೆ ಬೊಬ್ಬೆ. ಧಣಿಗಳು ಮ್ಯಾನೇಜರಿಗೆ, ಮ್ಯಾನೇಜರ್ ಸೂಪರ್‌ವೈಸರಿಗೆ, ಸೂಪರ್‌ವೈಸರ್ ಮೇಸ್ತ್ರಿಗೆ, ಮೇಸ್ತ್ರಿ ಬೀಜ ಒಡೆಯುವ ಹೆಂಗಸರಿಗೆ. ಮೇಲಿನಿಂದ ಕೆಳಕ್ಕೆ ಬೊಬ್ಬೆ ಇಳಿಯುತ್ತಿತ್ತು, ಕೆಳಗಿನಿಂದ ಮೇಲಕ್ಕೆ ಏನೂ ಹೋಗುತ್ತಿರಲಿಲ್ಲ. ನಮ್ಮವರ ಪಾಲಿನದ್ದು ಒಮ್ಮೊಮ್ಮೆ ಮನೆಗೂ ಬರುತ್ತಿತ್ತು, ಸಾರಿಗೆ ಉಪ್ಪು ಕಡಿಮೆ ಎನ್ನುವ ರೂಪದಲ್ಲಿ. ಹೆಂಗಸರಲ್ಲಿ ತುಳುವಿನವರು, ಬ್ಯಾರಿಯವರು, ಮಲಯಾಳದವರು, ನಮ್ಮ ಕೊಂಕಣಿಯವರು ಎಲ್ಲ ಇದ್ದರು. ನೋಟೀಸು ಅಂಟಿಸುತ್ತಿದ್ದದ್ದು ಇಂಗ್ಲಿಷಿನಲ್ಲಿ.

ಸರ್ ಮೊದಲ ವಾರ ಏನೂ ಮಾಡಲಿಲ್ಲ, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ನಡೆದಾಡಿದರು. ಎರಡನೆಯ ವಾರದಿಂದ ಬೆಳಿಗ್ಗೆ ಏಳೂವರೆಗೆ ಎಲ್ಲ ಸೂಪರ್‌ವೈಸರುಗಳೂ ಮೇಸ್ತ್ರಿಗಳೂ ಅಂಗಳದ ಹಲಸಿನ ಮರದಡಿ ಹತ್ತು ನಿಮಿಷ ನಿಂತು ಮಾತಾಡಬೇಕೆಂದು ಹೇಳಿದರು. ನಿಂತೇ. ಕೂತರೆ ಮಾತು ಉದ್ದವಾಗುತ್ತದೆ ಎನ್ನುವುದು ಅವರ ಲೆಕ್ಕ. ಯಾರಾದರೂ "ನಾನು ನಿನ್ನೆಯೇ ಹೇಳಿದ್ದೆ ಸರ್" ಎಂದರೆ, ಅವರು ತಲೆ ಎತ್ತದೆ, "ಯಾರ ಕಿವಿಗೆ?" ಎಂದು ಕೇಳುತ್ತಿದ್ದರು. ಹೇಳಿದ್ದು ಯಾವ ಕಿವಿಗೆ ಬಿತ್ತು, ಆ ಕಿವಿಯವರು ಏನು ಮಾಡಿದರು, ಇಷ್ಟು ಗೊತ್ತಾಗುವವರೆಗೆ ಹೇಳಿದ್ದು ಹೇಳಿದ ಹಾಗಲ್ಲವಂತೆ. ನಮ್ಮ ಮನೆಯಲ್ಲೂ ಅದು ಸುರುವಾಯಿತು. ಅಕ್ಕಿ ಮುಗಿದಿದೆ ಎಂದು ಹೇಳಿದ್ದೆನಲ್ಲ ಎಂದರೆ ನಮ್ಮವರು, "ಯಾರ ಕಿವಿಗೆ?"

ಧಣಿಗಳ ವಿಷಯದಲ್ಲೂ ಅವರು ಹಾಗೆಯೇ. ಧಣಿಗಳು ಕಾರಿನಿಂದ ಇಳಿಯುವವರಲ್ಲ, ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ ಮಾತಾಡಿಸುವವರು. ಒಂದು ದಿನ ಸರ್ ಕಾರಿನ ಪಕ್ಕ ಸುಮ್ಮನೆ ನಿಂತರು.

"ಎಂತದು, ಹೇಳಿ ಮಾರಾಯ್ರೆ" ಎಂದರು ಧಣಿಗಳು.

"ಗಾಜು ಪೂರ್ತಿ ಇಳಿಸಿ. ಗಾಜಿನಲ್ಲಿ ನಿಮ್ಮದಲ್ಲ, ನನ್ನ ಮುಖವೇ ಕಾಣ್ತದೆ ನನಗೆ" ಎಂದರಂತೆ ಸರ್, ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ.

ಗಾಜು ಇಳಿಯಿತು. ನಮ್ಮವರು ಅದನ್ನು ಮನೆಗೆ ಬಂದು ಹೇಳುವಾಗ ಊಟದ ಬಟ್ಟಲು ಮುಂದಿಟ್ಟುಕೊಂಡು ಬಹಳ ಹೊತ್ತು ನಕ್ಕರು. ಅವರು ಕಾರ್ಖಾನೆಯ ಸುದ್ದಿ ಹೇಳಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಪೆಟ್ಟಿಗೆ ಬಂತು. ಹಳೆಯ ಪ್ಯಾಕಿಂಗ್ ಹಲಗೆಗಳಿಂದ ಮಾಡಿಸಿ, ಕೆಂಪು ಬಣ್ಣ ಬಳಿದು, ಗೇಟಿನ ಒಳಗೆ ಎದೆಯ ಮಟ್ಟಕ್ಕೆ ಮೊಳೆ ಹೊಡೆಸಿದರು. ಯಾರು ಏನು ಬೇಕಾದರೂ ಬರೆದು ಹಾಕಬಹುದು, ಹೆಸರು ಬೇಡ, ಆದರೆ ಮೇಲೆ ತಾರೀಕು ಮತ್ತು ಗಂಟೆ ಬೇಕೇ ಬೇಕು. ಬೀಗದ ಕೈ ಒಂದೇ, ಅದು ಸರ್ ಅವರ ಕಿಸೆಯಲ್ಲಿ. ದಿನವೂ ಸಂಜೆ ನಾಲ್ಕು ಗಂಟೆಗೆ ಅವರೇ ತೆರೆಯುವುದು. ಮರುದಿನ ಬೆಳಿಗ್ಗೆ ಚೀಟಿಯನ್ನು ಬೋರ್ಡಿಗೆ ಹಚ್ಚಿ, ಪಕ್ಕದಲ್ಲೇ ಇಲ್ಲಿಗೆ ಬಂದು ಕಲಿತ ಕನ್ನಡದಲ್ಲಿ ಉತ್ತರ ಬರೆದು, ಓದು ಬಾರದವರಿಗಾಗಿ ಗಟ್ಟಿಯಾಗಿ ಓದಿಯೂ ಹೇಳುವುದು. ಓದಿ ಮುಗಿಸಿ ಪ್ರತಿ ಸಲವೂ "ಮನಸ್ಸಿಲಾಯ್ತಾ?" ಎನ್ನುತ್ತಿದ್ದರು. ಅರ್ಥವಾಯಿತಾ ಎನ್ನುವುದಕ್ಕೆ ಅವರ ಭಾಷೆಯ ಮಾತು ಅದು. ಹೆಂಗಸರೆಲ್ಲ ಒಟ್ಟಿಗೆ "ಆಯ್ತು ಸರ್" ಎಂದು ರಾಗ ಎಳೆಯುತ್ತಿದ್ದರು. ಇನ್ನೊಂದು ನಿಯಮ: ಕೆಲಸದ ಹೊತ್ತಿನಲ್ಲಿ ಯಾರೂ ಯಾರ ಮೇಲೂ ಸ್ವರ ಏರಿಸಬಾರದು, ಎದುರು ವಾದ ಬೇಡ, ಹೇಳುವುದಿದ್ದರೆ ಬರೆಯಿರಿ. ಮತ್ತೂ ಒಂದು: ಚೀಟಿ ಯಾರ ಕೈಬರಹ ಎಂದು ಯಾರೂ ಯಾವತ್ತೂ ಕೇಳಬಾರದು.

ಬರೆಯುವುದಕ್ಕೆ ಹೆಂಗಸರಲ್ಲಿ ಎಷ್ಟು ಮಂದಿಗೆ ಬರುತ್ತಿತ್ತು? ನಮ್ಮ ಮನೆ ಕಾರ್ಖಾನೆಗೆ ಹೋಗುವ ದಾರಿಯಲ್ಲೇ. ಮೊದಲು ಬಂದವಳು ಗುಲಾಬಿ. ಗೋಡೌನು ಗುಡಿಸುವ, ಚೆಲ್ಲಿದ ಬೀಜ ಹೆಕ್ಕುವ ಕೆಲಸ ಅವಳದ್ದು. ಗಂಡ ಇರಲಿಲ್ಲ, ಶಾಲೆಗೆ ಹೋಗುವ ಒಬ್ಬಳು ಮಗಳು. ಅಡುಗೆಕೋಣೆಯ ಹಿಂಬಾಗಿಲಲ್ಲಿ ನಿಂತು, "ಬಾಯಮ್ಮ, ನನಗೊಂದು ಚೀಟಿ ಬರೆದು ಕೊಡ್ತೀರಾ?" ಎಂದಳು. ನಮ್ಮ ಕಡೆ ಕ್ರಿಸ್ತುವರ ಮನೆ ಹೆಂಗಸರನ್ನು ಕರೆಯುವುದೇ ಹಾಗೆ. ಅಕ್ಷರ ಚೆಂದ ಮಾಡದಿದ್ದರೆ ಬೆರಳಿನ ಗೆಣ್ಣಿಗೆ ರೂಲರಿನಿಂದ ಹೊಡೆಯುವ ಸಿಸ್ಟರುಗಳ ಕಾನ್ವೆಂಟಿನಲ್ಲಿ ಕಲಿತವಳು ನಾನು; ಮದುವೆಯಾದ ಮೇಲೆ ಆ ಅಕ್ಷರ ಹಾಲಿನವನ ಲೆಕ್ಕಕ್ಕೆ ಬಿಟ್ಟರೆ ಬೇರೆ ಉಪಯೋಗಕ್ಕೆ ಬಂದಿರಲಿಲ್ಲ. ಬರೆದು ಕೊಟ್ಟೆ. ಮರುದಿನ ಮೂವರು ಬಂದರು. ಹೀಗೆ ಏಳರಿಂದ ಏಳೂವರೆಯವರೆಗೆ ನನ್ನ ಹಿಂಬಾಗಿಲು ಒಂದು ಆಫೀಸಾಯಿತು. ಪಕ್ಕದ ಮನೆಯ ಐಸಮ್ಮ ಸಿಪ್ಪೆ ತೆಗೆಯುವ ವಿಭಾಗದವಳು, ಅವಳದ್ದು ವಾರಕ್ಕೆ ಎರಡಾದರೂ ಇರುತ್ತಿತ್ತು.

"ಬರೆಯಿರಿ ಅಕ್ಕ, ಮೇಸ್ತ್ರಿ ಮಾತಾಡುವಾಗ ಎಲೆಅಡಿಕೆಯ ಉಗುಳು ನಮ್ಮ ತಲೆ ಮೇಲೆ ಬೀಳ್ತದೆ ಅಂತ ಬರೆಯಿರಿ."

"ಹಾಗೇ ಬರೆಯುವುದಾ ಐಸಮ್ಮ?"

"ಮತ್ತೆ ಹೇಗೆ? ಪನ್ನೀರು ಬೀಳ್ತದೆ ಅಂತ ಬರೆಯುವುದಾ?"

ಬೋರ್ಡಿನಲ್ಲಿ ಉತ್ತರ ಬಂತು: ಮೇಸ್ತ್ರಿಗಳು ಮೂರು ಅಡಿ ದೂರ ನಿಂತು ಮಾತಾಡತಕ್ಕದ್ದು. ಅದನ್ನು ಸರ್ ಗಂಭೀರವಾಗಿ ಓದಿದ ದಿನ ಹಲಸಿನ ಮರದಡಿ ನಕ್ಕ ನಗು ನಮ್ಮ ಮನೆವರೆಗೆ ಕೇಳಿತ್ತು.

ನನ್ನ ಬರವಣಿಗೆಯಿಂದಾದ ಒಂದು ಎಡವಟ್ಟನ್ನೂ ಹೇಳಬೇಕು. ಸೋಮವಾರ ಬೀಜ ಜಾಸ್ತಿ ಚೂರಾಗುತ್ತಿತ್ತು. ಹುರಿಯುವಾತ ಭಾನುವಾರ ಕುಡಿದದ್ದು ಇಳಿಯದೆ ಬಂದು ಬೆಂಕಿ ಏರಿಸುತ್ತಿದ್ದ ಎನ್ನುವುದು ಒಡೆಯುವ ಹೆಂಗಸರಿಗೆಲ್ಲ ವರ್ಷಗಳಿಂದ ಗೊತ್ತು, ಮೇಲೆ ಹೇಳಿದವರಿಲ್ಲ. ಒಬ್ಬಳು ಬಂದು ಬರೆಸಿದಳು. 'ಕುಡಿದು' ಎಂದು ಬರೆಯಲು ನನ್ನ ಕೈ ಬರಲಿಲ್ಲ. ಆತನಿಗೆ ಸೋಮವಾರ ಸ್ವಲ್ಪ ಅಸೌಖ್ಯವಿರುವಂತೆ ತೋರುತ್ತದೆ ಎಂದು ಬರೆದೆ. ಸರ್ ಆತನನ್ನು ಡಾಕ್ಟರಲ್ಲಿಗೆ ಕಳಿಸಿದರು! ಹೆಂಗಸರು ಬಂದು ನನಗೆ ಬೈದರು: "ಬಾಯಮ್ಮ, ನಾವು ಹೇಳಿದ್ದು ಬರೆಯಿರಿ, ನಿಮ್ಮ ಮರ್ಯಾದೆ ಬೇಡ." ಎರಡನೇ ಚೀಟಿಯಲ್ಲಿ ಸರಿಯಾಗಿ ಬರೆದೆ. ಮುಂದಿನ ಸೋಮವಾರದಿಂದ ಬೀಜ ಇಡಿ ಇಡಿಯಾಗಿ ಬರತೊಡಗಿತು, ಧಣಿಗಳು ಕಾರಿನಿಂದ ಇಳಿದು ಸರ್ ಅವರ ಕೈ ಕುಲುಕಿದರಂತೆ.

ಚೀಟಿಯ ಮಾತನ್ನು ನಾನು ನಮ್ಮವರ ಹತ್ತಿರ ಎತ್ತುತ್ತಿರಲಿಲ್ಲ. ಅವರು ಸೂಪರ್‌ವೈಸರ್. ದೂರು ಅವರ ಮೇಲೂ ಇರಬಹುದು, ಅವರ ಗೆಳೆಯರ ಮೇಲೂ ಇರಬಹುದು. ಹಿಂಬಾಗಿಲಲ್ಲಿ ಹೆಂಗಸರು ಪಿಸುಗುಟ್ಟುವಾಗ ಅವರು ಕಿಟಕಿ ಪಕ್ಕದಲ್ಲಿ ದೋಸೆ ತಿನ್ನುತ್ತ ರೇಡಿಯೋದ ಸ್ವರ ಸ್ವಲ್ಪ ಹೆಚ್ಚು ಮಾಡುತ್ತಿದ್ದರು. ಅದು ಅವರ ಸಭ್ಯತೆ. ನಮ್ಮ ನಡುವೆ ಮಾತಿಲ್ಲದೆ ಆದ ಒಪ್ಪಂದ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಗಂಡನಿಗೂ ಹೇಳದ ಗುಟ್ಟು ಇಟ್ಟುಕೊಂಡು ನಾನೂ ಒಂದು ಕಾರ್ಖಾನೆ ನಡೆಸುತ್ತಿದ್ದೇನೆ ಎನ್ನುವ ಹಾಗೆ.

ಸರ್ ಅವರಿಗೆ ನನ್ನ ಅಕ್ಷರ ಗೊತ್ತಾದದ್ದು ಒಂದು ಭಾನುವಾರ. ನಮ್ಮವರು ಊಟಕ್ಕೆ ಕರೆದಿದ್ದರು. ಕೈ ತೊಳೆಯಲು ಅಡುಗೆಕೋಣೆಗೆ ಬಂದವರು ಹಲಗೆಯ ಮೇಲಿನ ಡಬ್ಬಿಗಳನ್ನು ನೋಡುತ್ತ ನಿಂತುಬಿಟ್ಟರು. ಸಕ್ಕರೆ, ಚಹಾಪುಡಿ, ಮೆಂತೆ, ಓಮ, ಎಲ್ಲದಕ್ಕೂ ನಾನು ಚೀಟಿ ಬರೆದು ಅಂಟಿಸಿದ್ದೆ. ಒಂದೊಂದನ್ನೂ ಓದಿದರು. ನನ್ನ ಕಡೆ ತಿರುಗಿ, ಕೈ ಒರೆಸಿಕೊಳ್ಳುತ್ತ, "ಓಮದ ಓ ಬಹಳ ಚೆಂದ" ಎಂದರು. ಅಷ್ಟೇ. ಮರುದಿನ ನಮ್ಮವರ ಕೈಯಲ್ಲಿ ಒಂದು ಡಜನ್ ಪೆನ್ಸಿಲು ಕಳಿಸಿದ್ದರು, ಮಕ್ಕಳಿಗೆಂದು. ನಮಗೆ ಮಕ್ಕಳಿಲ್ಲವೆಂದು ಅವರಿಗೆ ಗೊತ್ತಿತ್ತು.

ಮಳೆಗಾಲ ಹಿಡಿದು ಮೂರು ವಾರವಾಗಿತ್ತು. ಗುಲಾಬಿ ಅಂದು ಏಳಕ್ಕೆ ಮೊದಲೇ ಬಂದಳು. ಕೊಡೆಯನ್ನು ಮಡಚದೆ ಸೂರಿನ ಕೆಳಗೆ ನಿಂತಳು, ನೀರು ಅವಳ ಹಿಮ್ಮಡಿಗೆ ಸುರಿಯುತ್ತಿತ್ತು.

"ಬಾಯಮ್ಮ, ಗೋಡೌನಿನ ಹಿಂದಿನ ಗೋಡೆಯ ಹತ್ತಿರ ಗೋಣಿಯ ಅಟ್ಟಿ ಉಂಟಲ್ಲ, ಅದು ಬೀಳ್ತದೆ. ಕೆಳಗಿನ ಗೋಣಿಗೆ ನೀರು ಹಿಡಿದು ಹೊಟ್ಟೆ ಒಡೆದಿದೆ. ಇಂದೇ ಬೀಳ್ತದೆ."

ನಾನು ಬರೆದೆ. ತಾರೀಕು ಹಾಕಿದೆ, ಏಳು ಗಂಟೆ ಐದು ನಿಮಿಷ ಎಂದು ಹಾಕಿದೆ. 'ಗೋಡೌನಿನ ಹಿಂಗೋಡೆಯ ಪಕ್ಕದ ಗೋಣಿಗಳ ಅಟ್ಟಿಯು ವಾಲಿದಂತೆ ಕಾಣುತ್ತದೆ. ಕೆಳಗಿನ ಗೋಣಿಗಳು ನೀರು ಹಿಡಿದಿವೆ. ದಯವಿಟ್ಟು ಗಮನ ಕೊಡಬೇಕಾಗಿ ವಿನಂತಿ.' ಓದಿ ಹೇಳಿದೆ. ಅವಳು ತಲೆ ಆಡಿಸಿದಳು. ಚೀಟಿಯನ್ನು ನೆನೆಯದ ಹಾಗೆ ಪ್ಲಾಸ್ಟಿಕಿನಲ್ಲಿ ಸುತ್ತಿ ರವಕೆಯೊಳಗೆ ಇಟ್ಟುಕೊಂಡಳು. ಆಮೇಲೂ ಸ್ವಲ್ಪ ನಿಂತಳು. ಅವಳ ಕಣ್ಣು ನನ್ನ ಹೆಗಲ ಮೇಲಿಂದ ಒಳಗೆ ಹೋಗಿತ್ತು. ಗಡಿಯಾರ ನೋಡುತ್ತಿದ್ದಾಳೆ ಎಂದುಕೊಂಡೆ. "ಹೊತ್ತುಂಟು, ನಿಧಾನ ಹೋಗು, ಜಾರುತ್ತದೆ" ಎಂದೆ.

ಒಳಗೆ, ನನ್ನಿಂದ ಎಂಟು ಹೆಜ್ಜೆ ದೂರದಲ್ಲಿ, ಆ ಗೋಡೌನಿನ ಸೂಪರ್‌ವೈಸರ್ ದೋಸೆ ತಿನ್ನುತ್ತಿದ್ದರು. ಇನ್ನೊಂದು ಹಾಕಲೇ ಎಂದು ಕೇಳಿದೆ. ಸಾಕೆಂದರು. ಕೊಡೆ ಮರೆಯಬೇಡಿ ಎಂದೆ. ಇಷ್ಟೇ ನಾವು ಅಂದು ಮಾತಾಡಿದ್ದು.

ಅಂದು ಎಂಟು ಗಂಟೆಗೆ ಲಾರಿ ಬಂದು, ನಮ್ಮವರು ಮುಂಬದಿಯಲ್ಲಿ ಲೋಡು ಇಳಿಸುವಲ್ಲೇ ಇದ್ದರು. ಹಿಂದಿನ ಮೂಲೆ ಕತ್ತಲು, ಅಲ್ಲಿಗೆ ಹೋಗುವವಳು ಗುಲಾಬಿ ಒಬ್ಬಳೇ. ಒಡೆದ ಗೋಣಿಯಿಂದ ಬೀಜ ಚೆಲ್ಲುತ್ತಿದೆ ಗುಡಿಸು ಎಂದು ಮೇಸ್ತ್ರಿ ಹೇಳಿದಾಗ ಅವಳು ಮೆಲ್ಲಗೆ, "ಅಟ್ಟಿ ವಾಲಿದೆ, ಚೀಟಿ ಹಾಕಿದ್ದೇನೆ" ಎಂದಳಂತೆ.

"ಹಾಕಿದ್ದೀಯಲ್ಲ, ನಾಲ್ಕಕ್ಕೆ ಓದ್ತಾರೆ. ಈಗ ಗುಡಿಸು" ಎಂದನಂತೆ ಮೇಸ್ತ್ರಿ. ಸ್ವರ ಏರಿಸದೆ, ಮೂರು ಅಡಿ ದೂರ ನಿಂತು. ನಿಯಮದ ಹಾಗೆಯೇ.

ಹನ್ನೊಂದೂವರೆಗೆ ಅಟ್ಟಿ ಅವಳ ಮೇಲೆ ಬಿತ್ತು. ಗೋಣಿಗಳನ್ನು ಎಳೆದು ತೆಗೆಯುವಷ್ಟರಲ್ಲಿ ಅರ್ಧ ಗಂಟೆಯಾಯಿತಂತೆ. ಅದೇ ಲಾರಿಯಲ್ಲಿ ಆಸ್ಪತ್ರೆಗೆ ಒಯ್ದರು. ಕಾಸರಗೋಡು ಮುಟ್ಟುವ ಮೊದಲೇ ಜೀವ ಹೋಗಿತ್ತು.

ಅಂದು ಯಾರೂ ಮನೆಗೆ ಹೋಗಲಿಲ್ಲ, ಕೆಲಸವೂ ನಡೆಯಲಿಲ್ಲ. ಹೆಂಗಸರು ಹಲಸಿನ ಮರದಡಿ ಮಳೆಯಲ್ಲೇ ನಿಂತಿದ್ದರು. ನಾನೂ ಹೋಗಿ ಗೇಟಿನ ಹೊರಗೆ ನಿಂತಿದ್ದೆ. ಧಣಿಗಳ ಕಾರು ಒಳಗಿತ್ತು. ನಾಲ್ಕು ಗಂಟೆಗೆ ಸರ್ ಆಫೀಸಿನಿಂದ ಇಳಿದು ಬಂದರು. ಅಂಗಿಯ ತೋಳಿನ ಗುಬ್ಬಿ ಎರಡೂ ಹರಿದಿದ್ದವು, ತೋಳಿಗೆ ಬೀಜದ ಧೂಳು ಮೆತ್ತಿತ್ತು. ವಾಚು ನೋಡಿದರು. ಕಿಸೆಯಿಂದ ಬೀಗದ ಕೈ ತೆಗೆದು, ದಿನವೂ ಮಾಡುವ ಹಾಗೆ, ಪೆಟ್ಟಿಗೆ ತೆರೆದರು. ಒಳಗೆ ಒಂದೇ ಒಂದು ಚೀಟಿ. ಪ್ಲಾಸ್ಟಿಕು ಬಿಡಿಸಿ ಓದಿದರು. ಒಮ್ಮೆ ಗೇಟಿನ ಕಡೆ, ನಾನು ನಿಂತಲ್ಲಿಗೆ, ನೋಡಿದರು. ಕೂಡಲೇ ದೃಷ್ಟಿ ತೆಗೆದರು.

ಧಣಿಗಳು ಬಂದು ಕೈ ನೀಡಿದರು. "ಅದನ್ನು ಇಲ್ಲಿ ಕೊಡಿ."

"ನಾಳೆ ಬೋರ್ಡಿಗೆ ಹಚ್ಚಬೇಕು" ಎಂದರು ಸರ್.

"ನಿಮಗೆ ತಲೆ ಸರಿ ಉಂಟಾ? ಹರಿದು ಹಾಕಿ ಮಾರಾಯ್ರೆ. ಅವಳು ಯಾರೂ ಹೇಳದೆ ಅಲ್ಲಿಗೆ ಹೋದದ್ದು, ಅಷ್ಟೇ. ಇನ್‌ಸ್ಪೆಕ್ಟರ್ ಬರುವ ಮೊದಲು ನಿಮ್ಮ ಕುತ್ತಿಗೆಯೂ ಉಳೀತದೆ, ನನ್ನದೂ ಉಳೀತದೆ."

ಸರ್ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಅದು ಬೋರ್ಡಿನಲ್ಲಿತ್ತು. ಪಕ್ಕದಲ್ಲಿ ಉತ್ತರ, ಕನ್ನಡದಲ್ಲಿ, ತಪ್ಪಿಲ್ಲದೆ ಬರೆಯಲು ರಾತ್ರಿಯಿಡೀ ಕೂತಿರಬೇಕು: 'ಈ ಚೀಟಿಯನ್ನು ಬೆಳಿಗ್ಗೆ ಕೆಲಸ ಸುರುವಾಗುವ ಮೊದಲೇ ಹಾಕಲಾಗಿದೆ. ನಾನು ಸಂಜೆ ನಾಲ್ಕು ಗಂಟೆಗೆ ತೆರೆದಿದ್ದೇನೆ. ಬೆಳಿಗ್ಗೆ ತೆರೆಯಬಾರದೆಂದು ನಿಯಮ ಮಾಡಿದವನು ನಾನು. ಎದುರು ಹೇಳಬಾರದೆಂದು ನಿಯಮ ಮಾಡಿದವನೂ ನಾನು.' ಇಷ್ಟನ್ನೂ ಗಟ್ಟಿಯಾಗಿ ಓದಿದರಂತೆ. 'ವಾಲಿದಂತೆ ಕಾಣುತ್ತದೆ' ಎನ್ನುವಲ್ಲಿ ಸ್ವರ ಸ್ವಲ್ಪ ನಿಂತಿತಂತೆ. ಕೊನೆಗೆ ಮನಸ್ಸಿಲಾಯ್ತಾ ಎಂದು ಕೇಳಲಿಲ್ಲವಂತೆ.

ಇನ್‌ಸ್ಪೆಕ್ಟರ್ ಬಂದರು. ಸತ್ತವಳಿಗೆ ಅಕ್ಷರ ಬರುತ್ತಿರಲಿಲ್ಲ, ಹಾಗಾದರೆ ಇದನ್ನು ಬರೆದವರು ಯಾರು ಎಂದು ಕೇಳಿದರು. ಧಣಿಗಳಿಗೂ ಅದೇ ಬೇಕಿತ್ತು. ಗೋಡೌನಿನ ಸೂಪರ್‌ವೈಸರನ ಹೆಂಡತಿ ಎಂದು ಗೊತ್ತಾಗಿದ್ದರೆ, ಬೆಳಿಗ್ಗೆಯೇ ಅವನಿಗೆ ವಿಷಯ ತಿಳಿದಿತ್ತು, ತಿಳಿದೂ ಸುಮ್ಮನಿದ್ದ ಎಂದು ಎಲ್ಲವನ್ನೂ ನಮ್ಮವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ತಿಳಿದಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಹೆಂಗಸರನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಪ್ರತಿಯೊಬ್ಬಳೂ "ಗೊತ್ತಿಲ್ಲ" ಎಂದಳು, ಐಸಮ್ಮನೂ. ಸರ್ ಅವರನ್ನು ಕೇಳಿದಾಗ ಅವರು, "ಯಾರ ಕೈಬರಹ ಎಂದು ಕೇಳುವುದಿಲ್ಲ ಎಂದು ನಾನು ಈ ಹೆಂಗಸರಿಗೆ ಮಾತು ಕೊಟ್ಟಿದ್ದೇನೆ. ನಾನು ಕೇಳಿಲ್ಲ, ಕೇಳುವುದೂ ಇಲ್ಲ" ಎಂದರಂತೆ. ಇದನ್ನು ನನಗೆ ಹೇಳಿದವರು ನಮ್ಮವರೇ. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಚಪ್ಪಲಿಯ ಬಾರು ಬಿಚ್ಚುತ್ತಿದ್ದರು.

ಗುಲಾಬಿಯ ಮಗಳಿಗೆ ಸಿಗಬೇಕಾದ ಪರಿಹಾರದ ಹಣ ಸಿಕ್ಕಿತು. ಆ ಚೀಟಿ ಇಲ್ಲದಿದ್ದರೆ ಸಿಗುತ್ತಿರಲಿಲ್ಲ. ಸರ್ ಅವರನ್ನು ಧಣಿಗಳು ತಿಂಗಳೊಳಗೆ ಕೆಲಸದಿಂದ ಕಳಿಸಿದರು.

ಹೋಗುವ ಮುನ್ನಾದಿನ ಅವರು ನಮ್ಮ ಮನೆಗೆ ಬಂದರು. ನಮ್ಮವರು ಬಂದ್ಯೋಡು ಪೇಟೆಗೆ ಹೋಗಿದ್ದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ, ನೀರು ಕೇಳಿದರು. ಲೋಟ ಖಾಲಿಯಾದ ಮೇಲೂ ಅದನ್ನು ಕೈಯಲ್ಲಿ ತಿರುಗಿಸುತ್ತ ನಿಂತರು.

"ಆ ದಿನ ನಾನು ಪೆಟ್ಟಿಗೆಯ ಪಕ್ಕದಿಂದ ಆರು ಸಲ ಹೋಗಿದ್ದೇನೆ. ನೆನಪು ಮಾಡಿ ಎಣಿಸಿದೆ. ಬೀಗದ ಕೈ ಕಿಸೆಯಲ್ಲೇ ಇತ್ತು."

ನನಗೆ ಹೇಳಲು ಒಂದು ಮಾತಿತ್ತು. ನಾನೂ ಅಂದು ಎಂಟು ಹೆಜ್ಜೆ ನಡೆಯಲಿಲ್ಲ ಸರ್, ಎಂದು. ಗಂಟಲವರೆಗೆ ಬಂತು. ಅವರು ಲೋಟವನ್ನು ಕಟ್ಟೆಯ ಮೇಲಿಟ್ಟು, "ಬಾರಿಸಲಿಕ್ಕೆ ಒಂದು ಗಂಟೆ ಕಟ್ಟಬೇಕಿತ್ತು ಪೆಟ್ಟಿಗೆಗೆ. ಸಣ್ಣದು ಸಾಕಿತ್ತು" ಎಂದರು. ಹೋದರು. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಹೊಸ ಮ್ಯಾನೇಜರ್ ಬಂದ ವಾರವೇ ಪೆಟ್ಟಿಗೆ ಕೀಳಿಸಿದರು. ಬೊಬ್ಬೆ ಪುನಃ ಸುರುವಾಯಿತು. ಕುಂಬಳೆಯ ಹೋಟೆಲಿನಲ್ಲಿ ಕೂತವರು, ಆ ಕೊಲ್ಲಂನವನ ಪೆಟ್ಟಿಗೆ ಒಂದು ಹೆಂಗಸನ್ನು ಕೊಂದಿತು ಎಂದು ಹೇಳುತ್ತಿದ್ದರು. ಸರ್ ಹೊಸವರ್ಷಕ್ಕೆ ಒಂದು ಕಾರ್ಡು ಬರೆಯುತ್ತಿದ್ದರು, ಒಂದು ವರ್ಷವೂ ತಪ್ಪಿಸಲಿಲ್ಲ. ಆರೋಗ್ಯ ವಿಚಾರಿಸುವುದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಮೂಲೆಯಲ್ಲಿ ತಾರೀಕು, ಗಂಟೆ.

ನಮ್ಮವರು ಆ ಚೀಟಿಯನ್ನು ಬೋರ್ಡಿನಲ್ಲಿ ನೋಡಿದ್ದಾರೆ. ದಿನವೂ ಸಕ್ಕರೆ ಡಬ್ಬಿಯ ಮೇಲೆ 'ಸಕ್ಕರೆ' ಎಂದು ನನ್ನ ಕೈಬರಹ ನೋಡುವವರು, ಅದನ್ನು ಗುರುತಿಸಲಿಲ್ಲ ಎಂದು ನಾನು ಹೇಗೆ ನಂಬಲಿ? ಅವರು ಒಂದು ದಿನವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾರ್ಖಾನೆಯಿಂದ ಕಿತ್ತು ಹಾಕಿದ ನಿಯಮ ನಮ್ಮ ಮನೆಯಲ್ಲಿ ಉಳಿದಿದೆ. ಆ ವರ್ಷ ನಾನು ಡಬ್ಬಿಗಳ ಚೀಟಿಗಳನ್ನು ನೀರು ಹಾಕಿ ಉಜ್ಜಿ ತೆಗೆದೆ. ಯಾಕೆಂದು ಅವರು ಅದನ್ನೂ ಕೇಳಲಿಲ್ಲ. ಕೆಲವು ಸಲ ಚಹಾಕ್ಕೆ ಉಪ್ಪು ಬಿದ್ದಿದೆ.

ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡು ಬಂದಿದ್ದೇನೆ. ಗುಲಾಬಿ ಸೂಪರ್‌ವೈಸರುಗಳ ಎದುರು ಬಾಯಿ ತೆರೆಯುವವಳೇ ಅಲ್ಲ. ನಾನು ಬರೆದು ಕೊಟ್ಟದ್ದರಿಂದಲೇ ಅವಳ ಮಾತು ಒಂದು ಕಡೆ ಉಳಿಯಿತು, ಇಲ್ಲದಿದ್ದರೆ ಅವಳ ಜೊತೆಯೇ ಹೋಗುತ್ತಿತ್ತು. ಇನ್‌ಲ್ಯಾಂಡ್ ಬಂದ ಆ ದಿನವೂ, ಮಧ್ಯಾಹ್ನದ ಪಾತ್ರೆ ತೊಳೆಯುತ್ತ, ಇದನ್ನೇ ಇನ್ನೊಮ್ಮೆ ಹೇಳಿಕೊಂಡೆ.

ಸಂಜೆ ಐಸಮ್ಮ ಕರಿಬೇವಿನ ಸೊಪ್ಪಿಗೆ ಬಂದಳು. ಈಗ ಅವಳಿಗೆ ಮೊಣಕಾಲು ನೋವು, ಗಿಡದವರೆಗೆ ಬರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ಬಿಡುತ್ತಾಳೆ. ಸರ್ ತೀರಿಕೊಂಡ ಸುದ್ದಿ ಹೇಳಿದೆ.

"ಅಲ್ಲಾ! ಪಾಪ" ಎಂದಳು. "ಒಳ್ಳೆ ಮನುಷ್ಯ. ಮೇಸ್ತ್ರಿಯನ್ನು ಮೂರಡಿ ದೂರ ನಿಲ್ಲಿಸಿದ ಜನ." ನೆನಪಾಗಿ ಸ್ವಲ್ಪ ನಕ್ಕಳು. ಎಲೆ ಮುರಿಯುತ್ತ, ಕಿಟಕಿಯ ಕಡೆ ಗಲ್ಲ ತಿರುಗಿಸಿದಳು. ಒಳಗೆ ದೀಪದ ಕೆಳಗೆ ನಮ್ಮವರು ಅದೇ ಮೇಜಿನಲ್ಲಿ ಪೇಪರು ಹಿಡಿದು ಕೂತಿದ್ದರು.

"ಆ ದಿನ ಚೀಟಿ ಬರೆಸಿ ಹೋಗುವಾಗ ಗುಲಾಬಿ ದಾರಿಯಲ್ಲಿ ನನ್ನ ಒಟ್ಟಿಗೇ ಬಂದದ್ದಲ್ಲವಾ ಅಕ್ಕ. ಸೂಪರ್‌ವೈಸರ್ ಅಲ್ಲೇ ಕೂತು ತಿಂಡಿ ತಿಂತಾ ಇದ್ರು, ಎಂತ ಆದ್ರೂ ಆಗ್ಲಿ, ಒಂದು ಕೂಗು ಹಾಕಿ ಹೇಳುವಾ ಅಂತ ಬಾಯಿವರೆಗೆ ಬಂದಿತ್ತಂತೆ. ಮತ್ತೆ ಬಾಯಮ್ಮ ಅಷ್ಟು ಚೆಂದ ಬರೆದು ಕೊಟ್ಟಾಯ್ತಲ್ಲ, ಅದು ಸಾಕು ಅಂತ ಬಂದೆ ಅಂದ್ಳು. ಇದು ಎಳತು ಉಂಟು, ಇನ್ನೆರಡು ಎಸಳು ತಕ್ಕೊಳ್ತೇನೆ, ಆಯ್ತಾ?"